ಡಂಕನ್‌ನ ವೋಟು, ಅಕ್ಕನ ಕೈ

ಭಾನುವಾರ, ೨ ಜೂನ್ ೨೦೨೪

ಇನ್ನೂ ನಂಬಿಕೆ ಬರುತ್ತಿಲ್ಲ. ಪುಣೆಯ ಮಗರಪಟ್ಟಾದಲ್ಲಿ ನಮ್ಮ ಪಕ್ಕದ ಮನೆಯ ಇಂಗ್ಲಿಷ್ ಮುದುಕ ಡಂಕನ್, ಪ್ರವಾಸ ಬಂದಿರುವ ಅವನ ಅಕ್ಕ ಫಿಯೋನಾ, ಇಬ್ಬರೂ ಸದಾನಂದಣ್ಣನ ಹೋಟೆಲಲ್ಲಿ ತಮ್ಮ ದೇಶದ ರಾಜಕೀಯಕ್ಕೆ ಕಿತ್ತಾಡುತ್ತ ನೀರುದೋಸೆ ಹರಿದರು.

"ಎಂಟು ದಿನದ ಟೂರಿಸ್ಟು, ನನಗೇ ಪುಣೆ ತೋರಿಸ್ತಾಳೆ!"

"ಊರು ಬಿಟ್ಟವನು ನನಗೇ ಊರಿನ ರಾಜಕೀಯ ಹೇಳ್ತಾನೆ!"

ಕೈ ತೊಳೆದು ಬಂದು ಅವಳೇ ಕೇಳಿದಳು: "ಈ ಸಲ ನಿನ್ನ ವೋಟು ಯಾರಿಗೆ ಹಾಕಲಿ?"

ಪರದೇಶದಲ್ಲಿರುವವರ ಪರವಾಗಿ ಊರಲ್ಲಿರುವವರು ವೋಟು ಹಾಕಬಹುದಂತೆ ಅವರಲ್ಲಿ. ಡಂಕನ್ ಅವಳಿಗೆ ಕಂಡರಾಗದ ಪಕ್ಷವನ್ನೇ ಹೇಳಿದ. ಹಾಗಲಕಾಯಿ ಕಚ್ಚಿದ ಮುಖ ಮಾಡಿ ಒಪ್ಪಿದಳು.

"ಅವಳು ಮೋಸ ಮಾಡಿದರೆ?" ಎಂದೆ. ಡಂಕನ್‌ಗೆ ಪ್ರಶ್ನೆಯೇ ಅರ್ಥವಾಗಲಿಲ್ಲ.

"ನಾನು ನನ್ನ ತಮ್ಮನನ್ನು ಗಲ್ಲಾದಲ್ಲಿ ಕೂರಿಸುದಿಲ್ಲ ಮಾರಾಯ್ರೇ!" ಎಂದರು ಸದಾನಂದಣ್ಣ.

ಮತಭೇದವಿದ್ದರೂ ಮತ ಭದ್ರ. ತನ್ನ ವೋಟನ್ನು ತಮ್ಮನ ವೋಟಿನಿಂದ ತಾನೇ ಹೊಡೆದುಹಾಕಿ ಅವಳು ಅವರೂರಿನ ಮತಗಟ್ಟೆಯಿಂದ ಮನೆಗೆ ನಡೆಯುವುದನ್ನು ನೆನೆದು ನಗಲು ಹೋದೆ, ಆಗಲಿಲ್ಲ. ಎಂಥ ಹೆಂಗಸು...