ಸೆಲಿನುಂತೆಗೆ ಹೋಗಿಬಂದ ಮೇಲೆ

ಜನವರಿ 14, 2025, ಮಂಗಳವಾರ

ಬೆಳಿಗ್ಗೆ ಇವರ ಮುಖದಿಂದ ರಾತ್ರಿಯ ಉಸಿರಾಟದ ಮಾಸ್ಕ್ ತೆಗೆದೆ. ಮೂಗಿನ ಮೇಲೆ ಅದರ ಗುರುತು, ಅದಕ್ಕೆ ವ್ಯಾಸಲೀನ್. ಶೇವ್ ಮಾಡಿಸಿದೆ. ಕಾಫಿಗೆ ಗಟ್ಟಿ ಮಾಡುವ ಪುಡಿ ಕಲಸಿ ಚಮಚದಲ್ಲಿ ಕೊಟ್ಟೆ. ತೆಳ್ಳಗಿನದ್ದು ಈಗ ಗಂಟಲಲ್ಲಿ ನೆಟ್ಟಗೆ ಇಳಿಯುವುದಿಲ್ಲ, ಶ್ವಾಸದ ಕಡೆ ಜಾರುತ್ತದೆ.

"ಅಂಬಲಿ ಕುಡದಂಗ ಆಗತೈತಿ" ಅಂದರು. ಮಾತು ತೊದಲು. ನನಗೆ ಅರ್ಥವಾಗುತ್ತದೆ, ಬೇರೆಯವರಿಗೆ ಕಷ್ಟ.

ಸಂಕ್ರಾಂತಿ. ಅಮೆರಿಕದ ಈ ಊರು ನೋವಿಯಲ್ಲಿ ಹೊರಗೆ ಹನ್ನೊಂದು ಡಿಗ್ರಿ ಫ್ಯಾರನ್‌ಹೀಟ್, ಹಿಮ. ಮಧ್ಯಾಹ್ನ ಪಕ್ಕದ ಬೀದಿಯ ಕನ್ನಡದವರು ಪದ್ಮಾ ಎಳ್ಳು-ಬೆಲ್ಲ ತಂದುಕೊಟ್ಟು ಹೋದರು. ಇವರಿಗೆ ತಿನ್ನಲು ಆಗುವುದಿಲ್ಲ. ನಾನೂ ತಿನ್ನಲಿಲ್ಲ.

ನಿನ್ನೆಯದನ್ನು ಬರೆಯಬೇಕು. ಆನ್ ಆರ್ಬರ್‌ನ ಎ.ಎಲ್.ಎಸ್. ಕ್ಲಿನಿಕ್, ಸ್ನಾಯುಗಳು ಸಾಯುವ ಈ ಕಾಯಿಲೆಗೆಂದೇ ಇರುವುದು. ಕೈ ಹೋಯಿತು, ಕಾಲು ಹೋಯಿತು, ನಾಲಿಗೆ ಹೋಗುತ್ತಿದೆ. ಇನ್ನು ಉಸಿರಾಡಿಸುವ ಸ್ನಾಯುಗಳ ಸರದಿ ಅಂತ ಡಾಕ್ಟರು ಚಾರ್ಟ್ ತೋರಿಸಿ ಹೇಳಿದರು. ಆಗ ಗಂಟಲಿಗೆ ತೂತು ಮಾಡಿ ವೆಂಟಿಲೇಟರ್ ಹಾಕಬಹುದು. ಬೇಕಾ?

"ನೋ."

ಡಾಕ್ಟರು ಇನ್ನೊಮ್ಮೆ, ನಿಧಾನವಾಗಿ ಕೇಳಿದರು. ಇನ್ನೊಮ್ಮೆ ನೋ. ಅನಿಕಾ ಕಾಲೇಜಿನಿಂದ ನೇರ ಅಲ್ಲಿಗೇ ಬಂದಿದ್ದಳು. ಅಪ್ಪನ ಕೈ ಹಿಡಿದು ಅತ್ತಳು, ಆದರೆ ಗೋಣು ಹಾಕಿ ಒಪ್ಪಿದಳು. ನಾನು ಕಿಟಕಿಯಾಚೆಯ ಪಾರ್ಕಿಂಗ್ ಕಟ್ಟಡ ನೋಡುತ್ತಿದ್ದೆ.

ಏನಾದರೂ ಆಸೆ ಇದ್ದರೆ ಈ ವಸಂತದಲ್ಲೇ ಮುಗಿಸಿಕೊಳ್ಳಿ ಅಂದರು ಡಾಕ್ಟರು. ಇವರು ಏನೋ ಹೇಳಿದರು. ಅವರಿಗೆ ತಿಳಿಯಲಿಲ್ಲ. ನಾನು ಹೇಳಬೇಕಾಯಿತು — ಸಿಸಿಲಿ.

ಫೆಬ್ರವರಿ 23, ಭಾನುವಾರ

ಮತ್ತೆ ಹಿಮ. ಇವರದು ಮತ್ತೆ ಅದೇ ವಿಡಿಯೋ. ಸೆಲಿನುಂತೆ. ಸಿಸಿಲಿ ದ್ವೀಪದ ತೆಂಕಣ ಕಡಲ ದಂಡೆ, ಗ್ರೀಕರು ಕಟ್ಟಿದ ಊರು, ಬಿದ್ದ ಗುಡಿಗಳು. ಕಂಬಗಳು ಒಂದೇ ಕಲ್ಲಿನವಲ್ಲ. ದೊಡ್ಡ ದೊಡ್ಡ ದುಂಡು ಕಲ್ಲುಗಳನ್ನು ಒಂದರ ಮೇಲೊಂದು ಇಟ್ಟು ನಿಲ್ಲಿಸಿದ್ದಂತೆ. ಎಂದೋ ಭೂಕಂಪವಾಗಿ ಎಲ್ಲ ಉರುಳಿವೆ. ಉರುಳಿದ ಸಾಲಿನಲ್ಲೇ ಬಿದ್ದಿವೆ. ವಿಕ್ಸಮ್‌ನ ಶಾಪ್‌ನಲ್ಲಿ ಇಷ್ಟು ವರ್ಷ ಕಬ್ಬಿಣವನ್ನು ದುಂಡಗೆ ಕಡೆಯುವ ಲೇತ್ ಮಷಿನ್‌ಗಳ ನಡುವೆ ಕೆಲಸ ಮಾಡಿದ ಮನುಷ್ಯ. ದುಂಡಗಿನದ್ದು ಏನು ಕಂಡರೂ ನಿಂತು ನೋಡುವ ಚಟ.

"ಅಷ್ಟು ದೂರ ಯಾಕ್ರಿ? ಕಂಬ ನೋಡಬೇಕಂದ್ರ ನಮ್ಮ ಗದಗಿನ ಬಾಜೂಕ ಲಕ್ಕುಂಡಿ ಐತಲ್ಲ."

"ಆ ಕಂಬ ನೋಡೇ ನನಗ ಲೇತ್ ಹುಚ್ಚು ಹಿಡದದ್ದು. ಅದನ್ನ ನೋಡೇನಿ. ಇದನ್ನ ನೋಡಿಲ್ಲ."

ಇಷ್ಟೇ ಕಾರಣ. ವಾದಿಸಲು ಜಾಗವಿಲ್ಲ.

ನಾನು ವಾದಿಸಿದ್ದು ಬೇರೆ ವಿಷಯಕ್ಕೆ. ಉಸಿರಿನ ಮಷಿನ್ ಹಾಕಿಸಿಕೊಂಡು ಹತ್ತು ವರ್ಷ ಇದ್ದವರು ಇದ್ದಾರೆ, ಆನ್‌ಲೈನ್ ಗ್ರೂಪ್‌ನಲ್ಲಿ ಓದಿದೆ ಅಂದೆ. ಒಬ್ಬರು ಮಗಳ ಮದುವೆ ನೋಡಿದ್ದಾರೆ ಅಂದೆ. ಇವರು ವಿಡಿಯೋ ನಿಲ್ಲಿಸಲು ಹೇಳಿದರು.

"ವಾಣಿ. ಒಮ್ಮಿ ಹೇಳಿದ್ದನ್ನ ನಾಕ ಸಲ ಹೇಳಸಬ್ಯಾಡ. ಉಸಿರು ಖರ್ಚಾಗತೈತಿ."

"ಹಂಗಲ್ರಿ..."

"ನನ್ನ ಮುಖ ನೋಡಿ ಹೇಳು. ಹಾಕಸಂಗಿಲ್ಲ ಅಂತ."

ನೋಡಿದೆ. "ಹೂಂ" ಅಂದೆ. ಇವರಿಗೆ ಅದು ಸಾಲಲಿಲ್ಲ. ಪೂರ್ತಿ ವಾಕ್ಯ ಹೇಳಿಸಿದರು.

ಹೇಳಿದೆ.

ಮೇ 6, ಮಂಗಳವಾರ, ಮರಿನೆಲ್ಲಾ

ಬಂದೆವು. ಡೆಟ್ರಾಯಿಟ್‌ನಿಂದ ರೋಮ್, ರೋಮ್‌ನಿಂದ ಪಲೆರ್ಮೊ, ಅಲ್ಲಿಂದ ವೀಲ್‌ಚೇರ್ ಹತ್ತುವ ವ್ಯಾನ್‌ನಲ್ಲಿ ಸೆಲಿನುಂತೆಯ ಪಕ್ಕದ ಈ ಊರು. ಅನಿಕಾಗೆ ಶಾಮ್‌ಬರ್ಗ್‌ನಲ್ಲಿ ಇಂಟರ್ನ್‌ಶಿಪ್ ಶುರುವಾಗಿದೆ, ಬರಲಾಗಲಿಲ್ಲ. ದಿನಕ್ಕೆ ನಾಲ್ಕು ಸಲ ಕಾಲ್ ಮಾಡುತ್ತಾಳೆ.

ಇವತ್ತು ಗುಡಿಗಳು. ಮೊದಲಿನದ್ದು ನಿಂತಿದೆ, ಆಕಾಶಕ್ಕೆ ಮುಖ ಮಾಡಿಕೊಂಡು. ಕಳೆದ ಶತಮಾನದಲ್ಲಿ ಬಿದ್ದ ಕಲ್ಲುಗಳನ್ನೆಲ್ಲ ಕೂಡಿಸಿ ಎಬ್ಬಿಸಿದ್ದಂತೆ. ಕಂಬಗಳ ನಡುವೆ ಸಮುದ್ರ. ಕಾಲ ಕೆಳಗೆ ಹಳದಿ ಹೂವು, ಕಾಡು ಸೋಂಪಿನ ವಾಸನೆ. ನನಗೆ ಕಣ್ಣು ತುಂಬಿ ಬಂತು. ಎಷ್ಟು ಚೆಂದ ಅಂದೆ.

"ಇದನ್ನ ಯಾಕ ಎಬ್ಬಿಸಿದ್ರು" ಅಂದರು ಇವರು.

"ಎಬ್ಬಿಸಿದ್ದಕ್ಕ ನಮಗ ನೋಡಾಕ ಸಿಕ್ಕಿತಲ್ರಿ."

"ಕಬ್ಬಿಣ, ಸಿಮೆಂಟ್ ಹಾಕಿ ನಿಲ್ಲಿಸ್ಯಾರ. ಸುಮ್ನ ಇದ್ದದ್ದನ್ನ."

ಜಗಳವಲ್ಲ. ಆದರೂ ಮಾತು ಅಲ್ಲಿಗೆ ನಿಂತಿತು. ಆಚೆಯ ಗುಡಿಯ ಹತ್ತಿರ ಬ್ಯಾಟರಿ ಗಾಡಿ ಇಳಿಸಿತು. ಅದು ಗುಡಿಯಲ್ಲ, ಕಲ್ಲಿನ ಗುಡ್ಡ. ಒಂದೊಂದು ದುಂಡು ಕಲ್ಲು ನಮ್ಮ ನೋವಿಯ ಗ್ಯಾರೇಜಿನಷ್ಟು. ಒಂದೇ ಒಂದು ಕಂಬ ಮೇಲೆದ್ದಿದೆ. ಅಲ್ಲಿ ಇವರು ತುಂಬ ಹೊತ್ತು ಕೂತರು. ಬಿಸಿಲು ಏರಿತು, ನಾನು ಛತ್ರಿ ಹಿಡಿದು ನಿಂತೆ. ರೋಗ ತಿಳಿದ ಮೇಲೆ ಮುಖದಲ್ಲಿ ಅಂಥ ಕಳೆ ನೋಡಿರಲಿಲ್ಲ. ನನ್ನನ್ನು ನೋಡುವಾಗ ಹಾಗೆ ಇರುವುದಿಲ್ಲ ಅನಿಸಿತು. ಕಲ್ಲಿನ ಮೇಲೆ ಹೊಟ್ಟೆಕಿಚ್ಚು.

ಮೇ 8, ಗುರುವಾರ

ಕಲ್ಲಿನ ಕ್ವಾರಿ. ಗುಡಿಗೆ ಕಲ್ಲು ಕಡಿಯುತ್ತಿದ್ದ ಜಾಗ, ವ್ಯಾನ್‌ನಲ್ಲಿ ಅರ್ಧ ಗಂಟೆ. ಆಲಿವ್ ಮರಗಳು. ಯಾರೂ ಇಲ್ಲ. ಬಂಡೆಯಲ್ಲೇ ದುಂಡಗೆ ಕಡೆದು ಇನ್ನೂ ಬಿಡಿಸದ ಕಂಬದ ತುಂಡುಗಳು. ಶತ್ರುಗಳು ಬಂದರಂತೆ, ಕೆಲಸದವರು ಉಳಿ ಬಿಟ್ಟು ಓಡಿದರಂತೆ. ಆಮೇಲೆ ಯಾರೂ ಬರಲಿಲ್ಲ.

ಕಲ್ಲಿನ ಸುತ್ತ ಒಬ್ಬ ಮನುಷ್ಯ ನಿಂತು ಕಡಿಯುವಷ್ಟು ಅಗಲದ ಸಂದು. ವೀಲ್‌ಚೇರ್ ಹೋಗಲಿಲ್ಲ. ಅಂಚಿನ ತನಕ ತಳ್ಳಿದೆ. ಇವರ ಕೈ ಎತ್ತಿ ಕಲ್ಲಿನ ಮೇಲಿಟ್ಟೆ. ಬೆರಳಿಗೆ ಶಕ್ತಿ ಇಲ್ಲ, ಸ್ಪರ್ಶ ಇದೆ.

"ಬೆಚ್ಚಗೈತಿ" ಅಂದರು.

ವ್ಯಾನ್ ಡ್ರೈವರ್ ಮನೆಯಿಂದ ಕಿತ್ತಳೆ ತಂದಿದ್ದ. ಸುಲಿದು ಇಬ್ಬರಿಗೂ ಚಾಚಿದ. ನಾನು ಬೇಡ ಎಂದು ಕೈಯಾಡಿಸುವಷ್ಟರಲ್ಲಿ ಇವರು, "ಒಂದು ತೊಳಿ ಕೊಡು ವಾಣಿ" ಅಂದರು.

"ಡಾಕ್ಟರು ಬ್ಯಾಡಂದಾರ್ರಿ."

"ಒಂದ."

ಕೊಟ್ಟೆ. ಕಣ್ಣು ಮುಚ್ಚಿ ಜಗಿದರು. ರಸ ಗದ್ದಕ್ಕೆ ಇಳಿಯಿತು, ನಕ್ಕರು. ಆಮೇಲೆ ಕೆಮ್ಮು. ಕೆಮ್ಮಲು ಸಹ ಶಕ್ತಿ ಬೇಕು... ಮುಖ ನೀಲಿಯಾಯಿತು, ಡ್ರೈವರ್ ಬೆನ್ನು ತಟ್ಟಿದ. ಸರಿಹೋಯಿತು. ರೂಮಿಗೆ ಬಂದೆವು. ಈಗ ನಿದ್ದೆ. ಮೈ ಸ್ವಲ್ಪ ಬಿಸಿ.

ಮೇ 10, ಶನಿವಾರ, ಮಧ್ಯಾಹ್ನ, ಆಸ್ಪತ್ರೆ

ನ್ಯುಮೋನಿಯಾ. ಎಚ್ಚರ ಇಲ್ಲ. ಚಿಕ್ಕ ವಯಸ್ಸಿನ ಲೇಡಿ ಡಾಕ್ಟರ್, ಅರೆಬರೆ ಇಂಗ್ಲಿಷ್. ಈಗ ಬಾಯಿಂದ ಟ್ಯೂಬ್, ನಾಲ್ಕು ದಿನದ ಮೇಲೆ ಗಂಟಲಿಗೆ ತೂತು. ಈ ಕಾಯಿಲೆಯಲ್ಲಿ ಟ್ಯೂಬ್ ಹಾಕಿದರೆ ಮತ್ತೆ ತೆಗೆಯಲು ಆಗುವುದಿಲ್ಲ. ಹಾಕದಿದ್ದರೆ ಸಂಜೆ ತನಕ. "ಯೂ ಡಿಸೈಡ್, ಸಿನ್ಯೋರಾ."

ಅನಿಕಾಗೆ ಫೋನ್ ಹಚ್ಚಿದೆ. ಅಲ್ಲಿ ಇನ್ನೂ ಬೆಳಗಿನ ಜಾವ.

"ಅಮ್ಮಾ. ಅಪ್ಪಾ ಸೆಡ್ ನೋ."

"ಗೊತ್ತು."

"ಯೂ ಪ್ರಾಮಿಸ್ಡ್ ಹಿಮ್. ಅಮ್ಮಾ, ಪ್ಲೀಸ್. ಡೋಂಟ್."

"ನೀ ಇಲ್ಲಿಲ್ಲ. ನೀ ನೋಡವಲ್ಲಿ ಇವರನ್ನ."

ಅಳುತ್ತಿದ್ದಳು. ಅಳುತ್ತಲೇ ಡೋಂಟ್ ಅನ್ನುತ್ತಿದ್ದಳು. ಫೋನ್ ಕೆಳಗಿಟ್ಟೆ. ಒಳಗೆ ಹೋದೆ. ಇವರ ಎದೆ ಏಳುತ್ತಿರಲಿಲ್ಲ, ಕುತ್ತಿಗೆ ಮಾತ್ರ ಎಳೆದುಕೊಳ್ಳುತ್ತಿತ್ತು.

ಹಾಕಿ ಅಂದೆ.

ಮೇ 16, ಶುಕ್ರವಾರ

ಕಣ್ಣು ತೆರೆದರು. ಗಂಟಲಿನ ಟ್ಯೂಬ್, ಅದಕ್ಕೆ ಪೈಪ್, ಪೈಪಿಗೆ ಮಷಿನ್. ಕಣ್ಣುಗಳು ಪೈಪಿನ ಉದ್ದಕ್ಕೂ ಹೋಗಿ ಮಷಿನ್ ನೋಡಿದವು. ಆಮೇಲೆ ನನ್ನನ್ನು.

ಇದನ್ನು ಬರೆಯಲಾರೆ.

ಜೂನ್ 21, ಶನಿವಾರ, ನೋವಿ

ವಿಮಾನದಲ್ಲಿ ನರ್ಸ್ ಜೊತೆ ಕರೆತಂದು, ಇಲ್ಲಿ ಮತ್ತೆ ಆಸ್ಪತ್ರೆ, ಈಗ ಮನೆ. ಲಿವಿಂಗ್ ರೂಮಿನಲ್ಲಿ ಬೆಡ್. ಮಷಿನ್ ಉಸಿರು ಬಿಡುವ ಶಬ್ದ ಮನೆಯ ಯಾವ ಮೂಲೆಗೆ ಹೋದರೂ ಕೇಳುತ್ತದೆ. ಬಾತ್‌ರೂಮಿನಲ್ಲಿ ನಲ್ಲಿ ಬಿಟ್ಟುಕೊಂಡು ಕೂರುತ್ತೇನೆ.

ಕಣ್ಣಿನಿಂದ ಟೈಪ್ ಮಾಡುವ ಸ್ಕ್ರೀನ್ ಬಂದಿದೆ. ಅಕ್ಷರದ ಮೇಲೆ ನೋಟ ನಿಲ್ಲಿಸಿದರೆ ಅಕ್ಷರ ಬೀಳುತ್ತದೆ, ಆಮೇಲೆ ಮಷಿನ್ ಓದುತ್ತದೆ, ಅಮೆರಿಕನ್ ಗಂಡಸಿನ ದನಿಯಲ್ಲಿ. ಅನಿಕಾ ಶನಿವಾರಗಳಂದು ಶಾಮ್‌ಬರ್ಗ್‌ನಿಂದ ಐದು ತಾಸು ಡ್ರೈವ್ ಮಾಡಿ ಬರುತ್ತಾಳೆ. ಅವಳಿಗೆ ಉದ್ದುದ್ದ ಟೈಪ್ ಮಾಡುತ್ತಾರೆ, ಇಂಗ್ಲಿಷ್‌ನಲ್ಲಿ. ಮನೆಗೆ ಬರುವ ನರ್ಸ್ ಜೊತೆಗೂ. ಅವಳ ನಾಯಿಯ ಹೆಸರೂ ಗೊತ್ತು ಇವರಿಗೆ.

ನಾನು ಎದುರು ಕೂತರೆ ಕಣ್ಣು ಮುಚ್ಚುತ್ತಾರೆ. ಅನಿಕಾ ನನ್ನ ಜೊತೆ ಮಾತಾಡುತ್ತಾಳೆ — ಔಷಧಿ, ಊಟ, ಶಿಫ್ಟ್. ಅಷ್ಟೇ.

ಜುಲೈ 13, ಭಾನುವಾರ

ಮೊದಲ ಸಲ ನನಗಾಗಿ ಟೈಪ್ ಮಾಡಿದರು. ಕನ್ನಡ, ಇಂಗ್ಲಿಷ್ ಅಕ್ಷರದಲ್ಲಿ. ಮಷಿನ್ ಓದಿದ್ದು ತಿಳಿಯಲಿಲ್ಲ — ಯಾಕಾ ಮ್ಯಾಡಿಡಿ. ಏನ್ರಿ ಅಂದೆ. ಮತ್ತೆ ಓದಿಸಿದರು. ಮೂರನೆಯ ಸಲಕ್ಕೆ ಎದ್ದು ಸ್ಕ್ರೀನ್ ನೋಡಿದೆ.

ಯಾಕ ಮಾಡಿದಿ.

"ನೀವು ಹೋಗ್ತೀರಿ ಅಂತ ಹೆದರಿದೆ."

ಇವರ ಕಣ್ಣು ಅಕ್ಷರದಿಂದ ಅಕ್ಷರಕ್ಕೆ. ನಾನು ಕಾದೆ. ಎಂಥ ನಿಧಾನ. ಎದ್ದು ಓಡಿಹೋಗಬೇಕು ಅನಿಸಿತು.

ನನಗ ಹೆದರಿಕಿ ಇರಲಿಲ್ಲ.

"ನನಗಿತ್ತು. ನಿಮ್ಮನ್ನ ಕಳಕೊಂಡು ಆ ಊರಾಗ ಒಬ್ಬಾಕಿ ನಿಂತು... ನನ್ನ ಕಡೆ ಆಗಲಿಲ್ರಿ. ತಪ್ಪಾತು."

ಇವರ ಕಣ್ಣಿಂದ ನೀರು ಕಿವಿಗೆ ಇಳಿಯಿತು. ಒರೆಸಿದೆ. ಒರೆಸುವುದು ಬೇಡ ಅನ್ನಲೂ ಆಗದ ಮನುಷ್ಯ.

ಆಗಸ್ಟ್ 9, ಶನಿವಾರ

ಪದ್ಮಾ ಬಂದಿದ್ದರು. "ಯಮನ ಬಾಯಿಂದ ಎಳ್ಕೊಂಡು ಬಂದ್ರಿ ನೀವು. ಆ ದೇಶದಲ್ಲಿ, ಭಾಷೆ ಬರ್ದೆ, ಒಬ್ರೇ. ನಮ್ ಕೈಲಾಗ್ತಿರಲಿಲ್ಲಪ್ಪ" ಅಂದರು. ಬೆಡ್‌ನಲ್ಲಿ ಇವರು ಕೇಳಿಸಿಕೊಳ್ಳುತ್ತಿದ್ದರು. ನಾನು ಚಹಾ ಮಾಡುವ ನೆಪದಲ್ಲಿ ಒಳಗೆ ಹೋದೆ.

ಅವರು ಹೋದ ಮೇಲೆ ಅನಿಕಾ ಅಡುಗೆಮನೆಗೆ ಬಂದಳು. ಅಪ್ಪ ಡಾಕ್ಟರಿಗೆ ಬರೆದಿದ್ದಾರೆ ಅಂದಳು. ಮಷಿನ್ ನಿಲ್ಲಿಸಿ ಅಂತ. ಇಲ್ಲಿ ಅದಕ್ಕೆ ಹಕ್ಕು ಇದೆ. ಸಂಕಟವಾಗದ ಹಾಗೆ ಮೊದಲು ಔಷಧಿ ಕೊಡುತ್ತಾರೆ.

"ಅಮ್ಮಾ, ಆರ್ ಯೂ ಗೋಯಿಂಗ್ ಟು ಫೈಟ್ ದಿಸ್?"

ಇಲ್ಲ ಅಂದೆ. ಅವಳು ನಂಬಲಿಲ್ಲ. ಬಾಗಿಲಿಗೆ ಒರಗಿ ನಿಂತೇ ಇದ್ದಳು, ನಾನು ಓಡಿಹೋಗಿ ಯಾರಿಗೋ ಫೋನ್ ಮಾಡುತ್ತೇನೋ ಎಂಬಂತೆ. ನನ್ನ ಮಗಳು.

ಆಗಸ್ಟ್ 15, ಶುಕ್ರವಾರ

ಡಾಕ್ಟರು ಮನೆಗೇ ಬಂದರು. ಇವರನ್ನು ಬಗೆಬಗೆಯಾಗಿ ಕೇಳಿದರು. ಪ್ರತಿ ಸಲ ಯೆಸ್. ಇಪ್ಪತ್ತೆರಡನೇ ತಾರೀಖಿಗೆ ಮಷಿನ್ ನಿಲ್ಲಿಸುವುದು ಅಂತಾಯಿತು. ಆಮೇಲೆ ನನ್ನ ಕಡೆ ತಿರುಗಿ, ನಿಮಗೇನಾದರೂ ಹೇಳುವುದಿದೆಯಾ ಅಂದರು. ಎಲ್ಲರೂ ನೋಡಿದರು. ಇವರೂ, ಎಷ್ಟೋ ದಿನದ ಮೇಲೆ.

ಹೇಳುವುದಿತ್ತು. ಇಲ್ಲ ಅಂತ ತಲೆ ಅಲ್ಲಾಡಿಸಿದೆ.

ಆಗಸ್ಟ್ 23, ಶನಿವಾರ

ಮನೆ ನಿಶ್ಶಬ್ದ. ಮಷಿನ್ ಅನ್ನು ಬೆಳಿಗ್ಗೆ ಬಂದು ತೆಗೆದುಕೊಂಡು ಹೋದರು.

ನಿನ್ನೆಯದನ್ನು ಕ್ರಮವಾಗಿ ಬರೆಯುತ್ತೇನೆ. ಹತ್ತರ ಸುಮಾರಿಗೆ ಡಾಕ್ಟರು, ಇಬ್ಬರು ನರ್ಸ್. ಬೆಳಿಗ್ಗೆಯೇ ಸ್ನಾನ ಮಾಡಿಸಿ ವಿಭೂತಿ ಹಚ್ಚಿದ್ದೆ. ಹಚ್ಚುವಾಗ ಕಣ್ಣು ಮುಚ್ಚಿದರು. ವಿಭೂತಿಗಾಗಿಯೋ ನನಗಾಗಿಯೋ ತಿಳಿಯಲಿಲ್ಲ. ಅನಿಕಾ ಬೆಡ್‌ನ ಬಲಕ್ಕೆ. ನಾನು ಕಾಲ ಹತ್ತಿರ. ಔಷಧಿ ಕೊಡುವ ಮೊದಲು, ಏನಾದರೂ ಹೇಳುವುದಿದೆಯಾ ಅಂತ ಡಾಕ್ಟರು ಸ್ಕ್ರೀನ್ ಮುಂದೆ ತಂದರು.

ನಿಧಾನವಾಗಿ ಟೈಪ್ ಮಾಡಿದರು. ಮಷಿನ್ ಓದಿತು, ಯಾರಿಗೂ ತಿಳಿಯಲಿಲ್ಲ. ನಾನು ಬಗ್ಗಿ ಓದಿದೆ, ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ. ನೀ ಇಲ್ಲೇ ಇರು.

"ಅಪ್ಪ ಏನಂದ್ರು?" ಕನ್ನಡದಲ್ಲಿ ಕೇಳಿದಳು ಅನಿಕಾ, ಮಗುವಾಗಿದ್ದಾಗ ಕೇಳುತ್ತಿದ್ದ ಹಾಗೆ.

"ಇಲ್ಲೇ ಇರು ಅಂತಾರ."

"ಐ ಆಮ್ ಹಿಯರ್, ಅಪ್ಪಾ. ಐ ಆಮ್ ರೈಟ್ ಹಿಯರ್." ಎರಡೂ ಕೈಯಲ್ಲಿ ಇವರ ಕೈ ಹಿಡಿದಳು.

ಇವರಿಗೆ ಅವಳೇ ಬೇಕು, ಅದು ಸರಿ ಅನಿಸಿತು. ನಾನು ಅಲ್ಲಿ ನಿಂತರೆ ಕೊನೆಯ ಗಳಿಗೆಯಲ್ಲೂ ಕಣ್ಣು ಮುಚ್ಚಿಕೊಳ್ಳಬೇಕಾಗುತ್ತದೆ ಇವರಿಗೆ. ಅಷ್ಟನ್ನಾದರೂ ತಪ್ಪಿಸೋಣ ಅಂತ ಹಿಂದೆ ಸರಿದೆ. ಹಿತ್ತಿಲ ಡೆಕ್‌ಗೆ ಹೋಗಿ ಬಾಗಿಲು ಹಾಕಿಕೊಂಡೆ. ಪಕ್ಕದ ಮನೆಯವನು ಹುಲ್ಲು ಕತ್ತರಿಸುತ್ತಿದ್ದ. ಅವನು ಮುಗಿಸಿ ಮಷಿನ್ ಆರಿಸಿದ. ಆಗ ಒಳಗಿನ ಶಬ್ದವೂ ಇಲ್ಲ ಅಂತ ಗೊತ್ತಾಯಿತು.

ಅನಿಕಾ ಬಾಗಿಲು ತೆರೆದಳು. "ಅಮ್ಮಾ, ವೇರ್ ಡಿಡ್ ಯೂ ಗೋ?" ಅಂದಳು.

ಸಿಟ್ಟಿನಿಂದ ಕೇಳಿದಳು ಅಂದುಕೊಂಡಿದ್ದೆ ನಿನ್ನೆ. ಈಗ ಇದನ್ನು ಬರೆಯುತ್ತ... ಅವಳಿಗೆ ಇವರು ಟೈಪ್ ಮಾಡಿದ್ದೆಲ್ಲ ಇಂಗ್ಲಿಷ್. ಒಂದು ಸಲವೂ ಬೇರೆ ಇಲ್ಲ. ಕನ್ನಡದಲ್ಲಿ ಟೈಪ್ ಮಾಡಿದ್ದು ಬರೀ ನನ್ನ ಜೊತೆ. ನೀ ಇಲ್ಲೇ ಇರು...