ಡ್ರೈಯರಿನೊಳಗಿನ ಮಡಿ ಸೀರೆ

ಅತ್ತೆಯವರಿಗೆ, ಸೊಸೆ ಮಾಲತಿಯ ನಮಸ್ಕಾರಗಳು.

ನಿಮ್ಮನ್ನು ಒಂದು ಮಾತು ಕೇಳಬೇಕಾಗಿದೆ, ಸಿಟ್ಟಾಗಬೇಡಿ. ಸಿಟ್ಟಾದರೂ ಈಗ ನನ್ನನ್ನು ಏನು ಮಾಡುತ್ತೀರಿ? ಬಟ್ಟೆ ಒಣಗಿಸುವ ಆ ಮಶಿನ್ನಿನಲ್ಲಿ, ‘ಮೈಲಿಗಿ ಡಬ್ಬಿ’ ಎಂದು ಹೆಸರಿಟ್ಟು ಬಂದವರಿಗೆಲ್ಲ ತೋರಿಸಿ ನೀವು ನಗುತ್ತಿದ್ದ ಆ ಡ್ರೈಯರಿನಲ್ಲಿ, ನಿಮ್ಮ ಮಡಿ ಸೀರೆ ಒಣಗುತ್ತಿತ್ತೇ? ನೀವೇ ಒಣಗಿಸುತ್ತಿದ್ದಿರಾ? ನೀವು? ನಿನ್ನೆ ಮಧ್ಯಾಹ್ನದಿಂದ ನನಗೆ ಬೇರೆ ಯಾವುದರ ಮೇಲೂ ಗಮನವಿಲ್ಲ. ಒಲೆಯ ಮೇಲೆ ಹಾಲಿಟ್ಟು ಮರೆತೆ. ಒಂದೇ ಉತ್ತರಪತ್ರಿಕೆಯನ್ನು ಎರಡು ಸಲ ತಿದ್ದಿದೆ. ಇವತ್ತು ಸೋಮವಾರ, ಶಾಲೆಗೆ ರಜೆ ಹಾಕಿ ಇದನ್ನು ಬರೆಯಲು ಕೂತಿದ್ದೇನೆ.

ಆ ಮಶಿನ್ ಬಂದ ದಿನ ನೆನಪಿದೆಯೇ? ಪುಣೆಯಲ್ಲಿರುವ ನಿಮ್ಮ ತಂಗಿಯ ಮಗ ಮನೆ ಬದಲಿಸುವಾಗ ಟೆಂಪೋದಲ್ಲಿ ಹೇರಿ ಕಳಿಸಿದ್ದ. ಸಿಂದಗಿಯಂಥ ಊರಿಗೆ ಬಟ್ಟೆ ಒಣಗಿಸುವ ಮಶಿನ್! ಓಣಿಗೆ ಓಣಿಯೇ ನೋಡಲು ಬಂತು. ನೀವು ಪಡಸಾಲೆಯ ಕಂಬಕ್ಕೆ ಒರಗಿ ನಿಂತು, “ನಮ್ಮ ಊರಾಗ ಬಿಸಿಲಿಗೇನು ಬರ ಬಂದದೇನು? ಹಪ್ಪಳಾ ಹಾಕಿದರ ಅರ್ಧಾ ತಾಸಿನಾಗ ಕಟಕ್ಕಂತಾವ. ಈಕಿಗೆ ಸೀರಿ ಒಣಗಸಲಿಕ್ಕೆ ಕರೆಂಟ್ ಬೇಕಂತ” ಎಂದಿರಿ. ಎಲ್ಲರೂ ನಕ್ಕರು. ನಾನು ಬೆಳಿಗ್ಗೆ ಏಳಕ್ಕೆ ಆಲಮೇಲದ ಬಸ್ಸು ಹಿಡಿದು, ಅಲ್ಲಿಯ ಹೈಸ್ಕೂಲಿನಲ್ಲಿ ಪಾಠ ಮಾಡಿ, ಸಂಜೆ ಆರಕ್ಕೆ ಮನೆ ಮುಟ್ಟುವವಳು. ಮಾಳಿಗೆಯ ಮೇಲೆ ಹಾಕಿ ಹೋದ ಬಟ್ಟೆ ಅಷ್ಟರಲ್ಲಿ ರಸ್ತೆಯ ಧೂಳನ್ನೆಲ್ಲ ಮೆತ್ತಿಕೊಂಡು ಮತ್ತೊಮ್ಮೆ ಒಗೆಯುವ ಹಾಗೆ ಆಗಿರುತ್ತಿತ್ತು. ಅದನ್ನು ನಿಮಗೆ ಹೇಳಬಹುದಿತ್ತು. ಹೇಳಲಿಲ್ಲ. ಆ ನಗು ನನಗೆ ನಾಟಿತ್ತು.

ನಾನು ಮದುವೆಯಾಗಿ ಬಂದ ಮರುದಿನವೇ ನೀವು ಮಡಿ ಒಣಹಾಕುವುದನ್ನು ನೋಡಿದ್ದೆ. ನಡುಮನೆಯಲ್ಲಿ ಸೂರಿಗೆ ತಾಗುವಷ್ಟು ಎತ್ತರಕ್ಕೆ ಕಟ್ಟಿದ ಬಿದಿರಿನ ಗಳ. ಇಟ್ಟಂಗಿ ಬಣ್ಣದ ಒಂಬತ್ತು ವಾರಿ ನೂಲಿನ ಸೀರೆಯನ್ನು ಕೋಲಿನ ತುದಿಗೆ ಸಿಕ್ಕಿಸಿ, ಒಂದೇ ಏಟಿಗೆ ಮೇಲೆ ಎಸೆದು, ಒಂದು ಸುಕ್ಕೂ ಇಲ್ಲದಂತೆ ಹರವಿಬಿಟ್ಟಿರಿ. ನಾನು ಬೆರಗಾಗಿ ಹತ್ತಿರ ಬಂದೆ, ಸೆರಗಿನ ತುದಿ ನನ್ನ ಹೆಗಲಿಗೆ ತಾಗಿತು. ನೀವು ಒಂದು ಮಾತನ್ನೂ ಆಡದೆ ಸೀರೆ ಇಳಿಸಿ, ಬಚ್ಚಲಿಗೆ ಒಯ್ದು ಮತ್ತೆ ಒಗೆದಿರಿ. ಬೈದಿದ್ದರೆ ಚೆನ್ನಾಗಿತ್ತು. ಅವತ್ತಿನಿಂದ ಇಪ್ಪತ್ತಾರು ವರ್ಷ ನಾನು ಆ ಸೀರೆಯ ಕೆಳಗೆ ಬಗ್ಗಿಕೊಂಡೇ ಓಡಾಡಿದ್ದೇನೆ. ಅಂಥ ನೀವು...

ನಿನ್ನೆ ರಜೆಯ ದಿನವೆಂದು ಮಶಿನ್ ರಿಪೇರಿಯ ಮೌಲಾಸಾಬನನ್ನು ಕರೆಸಿದ್ದೆ. ಕಾರ್ತಿಕದಿಂದ ಕೆಟ್ಟು ನಿಂತಿದ್ದ ಡ್ರೈಯರನ್ನು ಬಸವನಬಾಗೇವಾಡಿಯ ಒಬ್ಬ ಟೀಚರು ತಮಗೆ ಬೇಕೆಂದು ಕೇಳಿದ್ದರು. ಕೆಟ್ಟದ್ದನ್ನು ಕೊಡುವುದು ಹೇಗೆ? ನೆನಪಿರಬೇಕು ನಿಮಗೆ ಮೌಲಾಸಾಬ, ಮಶಿನ್ ಕೂಡಿಸಲು ಬಂದಾಗ ನೀವು ಅವನನ್ನು ತುಳಸಿ ಕಟ್ಟೆ ಸುತ್ತಿಸಿ ಹಿತ್ತಲ ಬಾಗಿಲಿನಿಂದ ಒಳಗೆ ಬಿಟ್ಟಿದ್ದಿರಿ. ಅವನು ಚಾಲೂ ಮಾಡಿ ಕೈ ಒಡ್ಡಿ ನೋಡಿದ. “ಡ್ರಮ್ ತಿರಗತೈತ್ರಿ ಟೀಚರ್ರ, ಗಾಳಿನೂ ಬರತೈತಿ. ಕಾವಷ್ಟ ಇಲ್ಲ” ಎಂದ. ಗುಂಡಿ ಎಲ್ಲಾದರೂ ತಂಪು ಗಾಳಿಯ ಮೇಲಿದೆಯೇ ನೋಡಿದ, ಇರಲಿಲ್ಲ. ಪ್ಲಗ್ಗಿಗೆ ಮೀಟರು ಹಚ್ಚಿದ, ಕರೆಂಟು ಸರಿಯಾಗಿತ್ತು. ಆಮೇಲೆ ಬಟ್ಟೆಯಿಂದ ಉದುರುವ ಜುಂಗನ್ನು ಹಿಡಿಯುವ ಜಾಳಿಗೆಯನ್ನು ಎಳೆದು ಬೆಳಕಿಗೆ ಹಿಡಿದ.

“ಇದೇನ್ರಿ, ಇಷ್ಟ ವರ್ಷ ಓಡಿದ ಮಶಿನ್ನಿಂದು ಜಾಳಗಿ ಹೊಸಾದರಗತೆ ಐತಿ?”

“ಪ್ರತಿ ರವಿವಾರ ನಾನೇ ಝಾಡಿಸ್ತಿದ್ದೆ” ಎಂದೆ, ಸ್ವಲ್ಪ ಜಂಬದಿಂದಲೇ.

“ನೀವು ಝಾಡಸ್ತಿದ್ದಿರಿ. ಇದನ್ನ ಯಾರೋ ನೀರಾಗ ಹಾಕಿ ತಿಕ್ಕ್ಯಾರ್ರಿ.”

ಅವನು ಮಶಿನ್ನನ್ನು ಗೋಡೆಯಿಂದ ಈಚೆ ಸರಿಸಿ, ಬಿಸಿ ಗಾಳಿ ಹೊರಹೋಗುವ ದಪ್ಪ ಪೈಪನ್ನು ಬಿಚ್ಚಿದ. ಹಳೆಯ ಗಾದಿಯಿಂದ ಅರಳೆ ತೆಗೆದ ಹಾಗೆ ಉಂಡೆ ಉಂಡೆ ಜುಂಗು ಹೊರಗೆ ಬಂತು. ಒಂದು ಬುಟ್ಟಿ ತುಂಬಿತು. ನಾನು ಹೌಹಾರಿದೆ. “ಜಾಳಗಿ ತಗದಿಟ್ಟು ಮಶಿನ್ ಓಡಿಸ್ಯಾರ್ರಿ. ಜುಂಗೆಲ್ಲಾ ಸೀದಾ ಪೈಪಿಗೆ ಹೋಗಿ ಗಚ್ಚಾಗೈತಿ. ಬಿಸಿ ಗಾಳಿಗೆ ಹೊರಗ ಹೋಗಾಕ ದಾರಿಲ್ಲ, ಒಳಗ ಉರಿ ಹೆಚ್ಚಾಗಿ ಈ ಸಣ್ಣ ಫ್ಯೂಸ್ ಸುಟ್ಟೈತಿ, ನೋಡ್ರಿ” ಎಂದು ಬೆರಳಿನಷ್ಟು ಉದ್ದದ ಒಂದು ತುಂಡನ್ನು ನನ್ನ ಅಂಗೈಯಲ್ಲಿಟ್ಟ. “ಇದು ಸುಟ್ಟಿದ್ದ ಚಲೋ ಆತು. ಇಲ್ಲಂದ್ರ ಜುಂಗಿಗೆ ಬೆಂಕಿ ಹತ್ತಿ ಮನೀನ ಹೋಗತಿತ್ತು.” ಮನೆ! ಹಗಲು ಹೊತ್ತು ಆ ಮನೆಯೊಳಗೆ ನೀವೊಬ್ಬರೇ ಇರುತ್ತಿದ್ದಿರಿ. ಅಷ್ಟರಲ್ಲಿ ಅವನು ಒಂದು ಉಂಡೆಯನ್ನು ಬಿಡಿಸುತ್ತ ಮೆಲ್ಲಗೆ, “ಇದು ಅಮ್ಮಾರ ಸೀರಿ ಬಣ್ಣ ಅಲ್ಲೇನ್ರಿ?” ಎಂದ. ಇಟ್ಟಂಗಿ ಬಣ್ಣ. ಒಂದೆರಡು ಎಳೆಯಲ್ಲ, ಪದರ ಪದರ. ಆ ಬಣ್ಣದ ಬಟ್ಟೆ ಈ ಮನೆಯಲ್ಲಿ ಬೇರೆ ಯಾರು ಉಟ್ಟಿದ್ದಾರೆ?

ಪಾತ್ರೆ ತೊಳೆಯುತ್ತಿದ್ದ ನಮ್ಮ ಬಾಗವ್ವ ಅದನ್ನು ಕೇಳಿ ಸುಮ್ಮನೆ ಎದ್ದು ನಿಂತಳು. ಅವಳ ಮುಖ ನೋಡಿಯೇ ನನಗೆ ಅರ್ಧ ಗೊತ್ತಾಯಿತು. “ನನ್ನ ಕಡೆಯಿಂದ ಆಣಿ ಹಾಕಿಸಿಕೊಂಡಿದ್ರು ಅಮ್ಮಾರು” ಎಂದು ಅಳುವುದಕ್ಕೇ ಶುರು ಮಾಡಿದಳು. “ಅವರ ಬಲಗೈ ಹೆಗಲಿಗಿಂತ ಮ್ಯಾಲ ಏಳತಿದ್ದಿಲ್ರಿ. ಎರಡ ಸರ್ತಿ ಕೋಲು ಕೈ ಜಾರಿ ಬಿತ್ತು, ಒಮ್ಮಿ ಸೀರಿ ಸಮೇತ ಅವರಽ ಬಿದ್ರು. ಟೀಚರಿಗೆ ಹೇಳತೇನಿ ಅಂದ್ರ, ಆಕಿ ಸಾಲಿ ಬಿಟ್ಟು ಮನ್ಯಾಗ ಕೂಡತಾಳ, ಬಾಯಿ ಮುಚ್ಚಿಕೊಂಡಿರು ಅಂದ್ರು.” ಆಮೇಲಿನದನ್ನು ಅವಳು ಹೇಳುತ್ತ ಹೋದಂತೆ ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ನಾನು ಬಸ್ಸು ಹತ್ತಿದ ಮೇಲೆ ನೀವು ಬಾಗಿಲ ಅಗಳಿ ಹಾಕುತ್ತಿದ್ದಿರಂತೆ. ನಮ್ಮೆಲ್ಲರ ಬಟ್ಟೆಯ ಜುಂಗು ಕೂತ ಜಾಳಿಗೆ ಮೈಲಿಗೆಯಲ್ಲವೇ, ಅದನ್ನು ಮೊದಲು ತೆಗೆಸಿ, ತಿಕ್ಕಿಸಿ, ಹಿತ್ತಲಲ್ಲಿ ಬಿಸಿಲಿಗೆ ಇಡಿಸುತ್ತಿದ್ದಿರಂತೆ. ಡ್ರಮ್ಮಿನೊಳಗೆ ನೀರು ಚಿಮುಕಿಸುತ್ತಿದ್ದಿರಂತೆ. ಒಗೆದ ಸೀರೆಯನ್ನು ಕೋಲಿನಿಂದಲೇ ಒಳಗೆ ದೂಡಿ, ಗುಂಡಿಯನ್ನೂ ಕೋಲಿನ ತುದಿಯಿಂದಲೇ ಒತ್ತುತ್ತಿದ್ದಿರಂತೆ! ನಾಲ್ಕು ಗಂಟೆಗೆ ಜಾಳಿಗೆ ಮತ್ತೆ ತನ್ನ ಜಾಗಕ್ಕೆ. ಆರಕ್ಕೆ ನಾನು ಬಂದಾಗ ನೀವು ಜಪಮಾಲೆ ಹಿಡಿದು ಕೂತಿರುತ್ತಿದ್ದಿರಿ. ಎಷ್ಟು ದಿನ? ಒಂದೂವರೆ ವರ್ಷವಂತೆ. ನಾನು ಇಡೀ ತರಗತಿಯ ಕಳ್ಳಾಟ ಒಂದೇ ನೋಟಕ್ಕೆ ಹಿಡಿಯುವವಳು, ಅತ್ತೆಯವರೇ. ನೀವು ನನ್ನನ್ನೇ...

ಕಾರ್ತಿಕದಲ್ಲಿ ಒಂದು ಭಾನುವಾರ ನನ್ನ ಬಟ್ಟೆಗಳು ಮಶಿನ್ನಿನಿಂದ ಹಾಕಿದ ಹಾಗೇ ಹಸಿಯಾಗಿ ಹೊರಗೆ ಬಂದವು. ಕಾವು ಹೋಗಿತ್ತು. ರಿಪೇರಿ ಮಾಡಿಸಿದರೆ ‘ಡಬ್ಬಿ ಕೆಟ್ಟಿತು’ ಎಂದು ನೀವು ಓಣಿಗೆಲ್ಲ ಸಾರುತ್ತೀರಿ ಎಂದುಕೊಂಡು, ಅದರ ಮೇಲೆ ಒಂದು ಹಳೆಯ ಬೆಡ್‌ಶೀಟು ಹೊದಿಸಿಬಿಟ್ಟೆ. ಎರಡು ದಿನದ ಮೇಲೆ ನೀವು ಕೇಳಿದಿರಿ, “ಆ ಮಶಿನ್ ಯಾಕ ಹೊಚ್ಚಿಟ್ಟೀ?” ನಾನು ಕೇಳಿಸದವಳ ಹಾಗೆ ಇದ್ದೆ. ಮತ್ತೊಂದು ದಿನ, “ಪುಣೆದವನು ಅಷ್ಟ ಪ್ರೀತಿಲೆ ಕೊಟ್ಟಾನ, ರಿಪೇರಿ ಮಾಡಸಬಾರದೇನ?” ಎಂದಿರಿ. ಚುಚ್ಚುತ್ತಿದ್ದೀರಿ ಎಂದೇ ತಿಳಿದೆ. ಮೂರನೆಯ ಸಲ ನೀವು ದೇವರ ಮನೆಯ ಬಾಗಿಲಲ್ಲಿ ನಿಂತು, ನನ್ನ ಕಡೆ ನೋಡದೆ, “ಮಾಲತಿ, ಥಂಡಿ ಬಾಳ ಅದ ಈ ಸರ್ತಿ. ಆ ಮಶಿನ್ ಇದ್ದಿದ್ದರ ನಿನಗ ಅನುಕೂಲ ಆಗತಿತ್ತು” ಎಂದಿರಿ. ನನಗೆ! “ನಿಮಗ್ಯಾಕ ಅದರ ಚಿಂತಿ? ನಿಮ್ಮ ಬಿಸಿಲು ಎಲ್ಲಿ ಹೋಗೇದ?” ಎಂದೆ.

ಅದೇ ದಿನಗಳಲ್ಲಿ ಬೆಳಗಿನ ಐದಕ್ಕೆ ನೀವು ಪೂಜೆಗೆ ಕೂತಾಗ ನಿಮ್ಮ ಸೀರೆ ಮೈಗೆ ಅಂಟಿಕೊಂಡಿರುತ್ತಿತ್ತು. ಒದ್ದೆಯಿದ್ದರೂ ಮಡಿ ಮಡಿಯೇ, ಶಾಸ್ತ್ರಕ್ಕೆ ಏನೂ ಕೊರತೆಯಿಲ್ಲ. ಮಶಿನ್ನಿನಲ್ಲಿ ತಂಪು ಗಾಳಿಗೆ ತಿರುಗಿ ಹಸಿಯಾಗಿಯೇ ಉಳಿದ ಸೀರೆ ಅದು ಎಂದು ಈಗ ತಿಳಿಯುತ್ತಿದೆ. ಆಗ ನನಗೆ ಕಂಡದ್ದು ನಿಮ್ಮ ಹಟ. “ಒದ್ದಿ ಸೀರಿ ಉಟಗೊಂಡು ಯಾರಿಗೆ ತೋರಸ್ಲಿಕ್ಕತ್ತೀರಿ?” ಎಂದು ಕೇಳಿದವಳು ನಾನೇ. ನೀವು ಕೆಮ್ಮಿದಿರಿ, ಆಮೇಲೆ ಆರತಿ ಎತ್ತಿದಿರಿ. ಎಡಗೈಯಲ್ಲಿ. ಅದನ್ನೂ ನೋಡಿದೆ, ಯಾಕೆ ಎಂದು ಕೇಳಲಿಲ್ಲ. ಪುಷ್ಯದಲ್ಲಿ ಆ ಕೆಮ್ಮು ಎದೆಗೆ ಇಳಿಯಿತು. ವಿಜಯಪುರದ ಆಸ್ಪತ್ರೆಯಲ್ಲಿ ನಿಮೋನಿಯಾ ಎಂದರು, ವಯಸ್ಸಾಗಿದೆ ಎಂದರು, ಒಂಬತ್ತನೆಯ ದಿನ ಎಲ್ಲ ಮುಗಿಯಿತು. ಒದ್ದೆ ಸೀರೆಯಿಂದಲೇ ಬಂತೇ? ವಯಸ್ಸಿನಿಂದ ಬಂತೇ? ಯಾವ ಡಾಕ್ಟರೂ ನನಗೆ ಇದನ್ನು ಬಿಡಿಸಿ ಹೇಳಲಾರ. ಒಣಗಿದ ಸೀರೆ ನಿಮಗೆ ಸಿಗಲಿಲ್ಲ ಎನ್ನುವುದು ಮಾತ್ರ ಖಾತ್ರಿಯಾಯಿತು.

ನಿನ್ನೆ ಮೌಲಾಸಾಬ ಪೈಪು ತೊಳೆದು, ಹೊಸ ಫ್ಯೂಸು ಹಾಕಿ, ಮಶಿನ್ ಚಾಲೂ ಮಾಡಿದ. ಅರ್ಧ ತಾಸೂ ಹಿಡಿಯಲಿಲ್ಲ. ಬಿಸಿ ಗಾಳಿ ಮುಖಕ್ಕೆ ಬಡಿದಾಗ ನಾನೇ ಕೈ ಚಾಚಿ ಮಶಿನ್ ಬಂದ್ ಮಾಡಿದೆ. ಅವನು ಸಾಮಾನು ಚೀಲಕ್ಕೆ ತುಂಬುತ್ತ, “ಆವಾಗ ಬಂದಿದ್ದರ...” ಎಂದು ಶುರು ಮಾಡಿ, ಬಾಗವ್ವನನ್ನು ನೋಡಿ, ಮಾತು ನುಂಗಿಕೊಂಡು ಹೋದ. ಬಾಗೇವಾಡಿಯ ಟೀಚರಿಗೆ ಮಶಿನ್ ಕೊಡುವುದಿಲ್ಲವೆಂದು ಫೋನು ಮಾಡಿದೆ. ಕಾರಣ ಕೇಳಿದರು, ಏನು ಹೇಳಲಿ?

ನಿಮ್ಮ ಮಗ ನಿನ್ನೆ ಮುದ್ದೇಬಿಹಾಳದಲ್ಲಿ ಅಕ್ಕನ ಮನೆಯಲ್ಲಿದ್ದರು. ಸಂಜೆ ಬಂದ ಮೇಲೆ ಹೇಳಿದೆ. “ಅವ್ವ? ಅವ್ವ ಮಡಿ ಸೀರಿ ಮಶಿನ್ನಾಗ ಹಾಕತಿದ್ದಳಾ?” ಎಂದು ಮೊದಲು ಜೋರಾಗಿ ನಕ್ಕರು. ಕೈ ಏಳುತ್ತಿರಲಿಲ್ಲ ಎಂದಾಗ ನಗು ನಿಂತಿತು. ಒದ್ದೆ ಸೀರೆಯ ಮಾತು ಬಂದಾಗ ಅವರ ಮುಖ ನೋಡಲಾಗಲಿಲ್ಲ. ಅವರು, “ಮೌಲಾಸಾಬಗ ನಾನು ಆವಾಗಽ ಹೇಳಿದ್ದೆ, ಮನಿಗೆ ಹೋಗಿ ಮಶಿನ್ ನೋಡು ಅಂತ. ಹೂಂ ಅಂದಾವ ಬರಲೇ ಇಲ್ಲ. ಅವಾ ಒಂದ ಸರ್ತಿ ಬಂದಿದ್ದರ ನಮ್ಮವ್ವ...” ಎಂದು ಅತ್ತರು. ಮದುವೆಯಾದ ಮೇಲೆ ಅವರು ಅತ್ತದ್ದನ್ನು ನಾನು ನೋಡಿದ್ದು ಎರಡನೆಯ ಸಲ. ಇವತ್ತು ಬೆಳಿಗ್ಗೆ ಇಂಡಿ ಪಟ್ಟಣದ ತಮ್ಮ ಆಫೀಸಿಗೆ ಹೊರಡುವಾಗ ಚಪ್ಪಲಿ ಮೆಟ್ಟುತ್ತ, “ಸಂಜಿಕೆ ಬರೋವಾಗ ಅವನ ಅಂಗಡಿಗೆ ಹೋಗಿ ನಾಲ್ಕು ಮಂದಿ ಮುಂದ ಕೇಳತೇನಿ” ಎಂದು ಹೇಳಿ ಹೋಗಿದ್ದಾರೆ.

ನಾನು ಆಗ ಬಾಯಿ ಬಿಡಬೇಕಿತ್ತು, ಬಿಡಲಿಲ್ಲ. ಅತ್ತೆಯವರೇ, ನೀವು ಮೂರನೆಯ ಸಲ ಕೇಳಿದಿರಲ್ಲ, ಅದರ ಮರುದಿನ ನಾನು ಶಾಲೆಯ ಸ್ಟಾಫ್ ರೂಮಿನಲ್ಲಿದ್ದಾಗ ಮೌಲಾಸಾಬನ ಫೋನು ಬಂದಿತ್ತು. “ಟೀಚರ್ರ, ಸಾಹೇಬ್ರು ಹೇಳ್ಯಾರ. ಗುರುವಾರ ನಿಮ್ಮ ಓಣ್ಯಾಗ ಕೆಲಸೈತಿ, ಮಶಿನ್ ನೋಡಿ ಹೋಗಲೇನ್ರಿ?” ಎಂದು ಕೇಳಿದ. ಬೇಡ ಎಂದೆ. “ಅವಸರಿಲ್ಲ, ಆಮ್ಯಾಲ ನೋಡೂಣು” ಎಂದೆ. ಯಾಕೆ ಗೊತ್ತೇ? ನನಗೆ ಅನುಕೂಲ ಎಂದಿರಲ್ಲ, ಅದು ನಿಮಗೇ ಏತಕ್ಕೋ ಬೇಕಾಗಿದೆ ಎಂದು ನನಗೆ ಅವತ್ತೇ ಒಂದಿಷ್ಟು ಅನುಮಾನ ಬಂದಿತ್ತು. ಏತಕ್ಕೆ ಎಂಬುದು ಮಾತ್ರ, ದೇವರಾಣೆ, ಗೊತ್ತಿರಲಿಲ್ಲ. ನೀವು ನನ್ನ ಮುಖ ನೋಡಿ, ‘ನನಗ ಬೇಕಾಗೇದ’ ಎಂದು ಕೇಳಲಿ, ಆಮೇಲೆ ಮಾಡಿಸಿದರಾಯಿತು ಎಂದು ಕಾದೆ. ನೀವು ಕೇಳಲಿಲ್ಲ.

ಇಂಡಿಯಿಂದ ಅವರ ಬಸ್ಸು ಬರಲು ಇನ್ನು ಮುಕ್ಕಾಲು ತಾಸಿದೆ. ಸೀರೆ ಬದಲಿಸಿಕೊಂಡು ಬಸ್‌ಸ್ಟ್ಯಾಂಡಿಗೆ ಹೊರಟಿದ್ದೇನೆ. ನಿಮ್ಮ ಮಗ ಮೌಲಾಸಾಬನ ಅಂಗಡಿಯ ಕಡೆ ತಿರುಗುವ ಮೊದಲೇ ಅವರನ್ನು ನಿಲ್ಲಿಸಿ, ಅವನು ಬರುತ್ತೇನೆಂದಿದ್ದ, ಬೇಡ ಎಂದವಳು ನಾನು ಎಂದು ಹೇಳುತ್ತೇನೆ.