ನೀನು ಎಣಿಸಿದ ಹಲ್ಲು

ತಂಗೀ,

ಎಣ್ಣೆ ತುಂಬಿದ ಆ ಕಂಚಿನ ಬಟ್ಟಲು ನೆನಪಿದೆಯಾ? ಸಾರಕ್ಕಿಯ ನಿಮ್ಮ ಮನೆಯ ನಡುಮನೆಯಲ್ಲಿ ನನ್ನನ್ನು ಗೋಡೆಗೆ ಮುಖ ಮಾಡಿ ಕೂರಿಸಿದ್ದರು. ನಲವತ್ತು ದಾಟಿದ, ಮದುವೆಯಾಗದ ಗಂಡಸು ಆಫೀಸಿಗೆ ಅರ್ಧ ದಿನ ರಜೆ ಹಾಕಿ ಬಂದು ಗೋಡೆ ನೋಡುತ್ತ ಕೂತಿದ್ದೆ. ನಿನ್ನ ಮಗಳಿಗೆ ಮೇಲಿನ ಹಲ್ಲು ಮೊದಲು ಬಂದುಬಿಟ್ಟಿತ್ತು. ಹಾಗೆ ಬಂದರೆ ಸೋದರಮಾವನಿಗೆ ಕೇಡು, ಅವನು ಮಗುವಿನ ಮುಖವನ್ನು ಮೊದಲು ಎಣ್ಣೆಯಲ್ಲಿ ನೋಡಬೇಕು, ಆಮೇಲೆ ನೇರವಾಗಿ ನೋಡಬಹುದು ಎಂದು ನಿಮ್ಮತ್ತೆ ಫೋನಿನಲ್ಲಿ ಹೇಳಿದ್ದರು. ನನ್ನ ಬೆನ್ನ ಹಿಂದೆ ನೀನು ನಗುತ್ತಿದ್ದೆ. "ತಿರುಗಬೇಡ ಕಣೋ ಅಣ್ಣ. ತಿರುಗಿದ್ರೆ ಅಪ್ಪನ ಬನಶಂಕರಿ ಮನೆ ಪೂರ್ತಿ ನಂದೇ ಆಗೋಗುತ್ತೆ."

ಆಮೇಲೆ ಮಗುವನ್ನು ಬಟ್ಟಲಿನ ಮೇಲೆ ಹಿಡಿದೆ. ಎಣ್ಣೆಯಲ್ಲಿ ಒಂದು ಮುಖ ತಲೆಕೆಳಗಾಗಿ ಅಲ್ಲಾಡಿತು, ಬಾಯಿ ತೆರೆಯಿತು, ಜೊಲ್ಲು ಬಿಟ್ಟಿತು. ಎರಡು ಬಿಳಿ ಚುಕ್ಕೆಗಳು ಬಾಯಿಯ ಕೆಳಭಾಗದಲ್ಲಿ ಕಂಡವು. ನೀನೂ ಬಗ್ಗಿ ನೋಡಿದೆ. "ನೋಡಿ ಅತ್ತೆ, ಇದರಲ್ಲಿ ಕೆಳಗಿನ ಹಲ್ಲೇ ಮೊದಲು ಬಂದಿರೋದು. ದೋಷ ಕ್ಯಾನ್ಸಲ್!" ನಿಮ್ಮತ್ತೆ "ಸುಮ್ನಿರಮ್ಮ, ಎಲ್ಲಾದ್ರಲ್ಲೂ ತಮಾಷೆ" ಎಂದು ಗದರಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡರು. ಅವರೂ ನಗುತ್ತಿದ್ದರು ಅಂತ ನನ್ನ ಅನುಮಾನ. ಇದನ್ನು ನಿನ್ನನ್ನೇ ಕೇಳಬೇಕಿತ್ತು.

ನೀನು ಅಡುಗೆಮನೆಯಲ್ಲಿ ಕುಸಿದ ಬೆಳಿಗ್ಗೆ ಇಂಚರಳಿಗೆ ಮೂರು ತುಂಬಿತ್ತು. ಬಾಯಿ ತುಂಬ ಹಾಲುಹಲ್ಲು. ತಲೆಯೊಳಗೆ ಒಂದು ನಾಳ ಒಡೆದಿತ್ತು, ಯಾರೂ ಏನೂ ಮಾಡುವಂತಿರಲಿಲ್ಲ ಎಂದರು ಡಾಕ್ಟರು. ವೈಕುಂಠ ಸಮಾರಾಧನೆಯ ದಿನ ನಿಮ್ಮತ್ತೆ ನನ್ನ ಎಲೆಯ ಮುಂದೆ ನಿಂತು, "ದೋಷ ಅಂತ ಇದ್ದಿದ್ದು ನಿಮಗಪ್ಪಾ. ಶಾಸ್ತ್ರಾನೂ ಸರಿಯಾಗೇ ಮಾಡಿದ್ವಿ. ಮತ್ತೆ ಇದ್ಯಾಕೆ…" ಎಂದು ಅಲ್ಲಿಗೇ ನಿಲ್ಲಿಸಿ ಪಾಯಸ ಬಡಿಸಿದರು. ಅವರು ನನ್ನನ್ನು ಬೈಯಲಿಲ್ಲ. ನಿಜವಾಗಿ ಕೇಳುತ್ತಿದ್ದರು. ನಾನು ಪಾಯಸ ಉಂಡೆ. ಚೆನ್ನಾಗಿತ್ತು. ಅದು ಚೆನ್ನಾಗಿತ್ತು ಎಂಬುದು ನನಗೆ ಈಗಲೂ ನೆನಪಿದೆ, ಅದರ ಹಿಂದೆ ಮುಂದೆ ಏನಾಯಿತು ಎಂಬುದು ಅಷ್ಟಾಗಿ ಇಲ್ಲ.

ಭಾನುವಾರ ಬಂದರೆ ನೀನು "ಅಣ್ಣ, ಮೆಟ್ರೋದಲ್ಲಿ ಒಂದೇ ಒಂದು ಸ್ಟೇಷನ್, ಅದಕ್ಕೂ ಸೋಮಾರಿತನನಾ?" ಎಂದು ಫೋನಿನಲ್ಲಿ ರೇಗಿಸುತ್ತಿದ್ದೆ. ಈಗ ಪ್ರತಿ ಭಾನುವಾರ ಹೋಗುತ್ತೇನೆ. ಇಡ್ಲಿ ತಿನ್ನುತ್ತೇನೆ. ಇಂಚರಳಿಗೆ ಚಿತ್ರ ಬರೆದುಕೊಡುತ್ತೇನೆ. ನಿನ್ನ ಗಿರೀಶ ಕೆಳಗಿನ ಮನೆಯ ಬಾಡಿಗೆಯವರ ಬಗ್ಗೆ, ನೀರಿನ ಬಗ್ಗೆ ಮಾತಾಡುತ್ತಾನೆ. ನಿನ್ನ ಹೆಸರು ಎತ್ತಬಾರದು ಅಂತ ಯಾರೂ ಹೇಳಿಲ್ಲ. ಆದರೂ ಯಾರೂ ಎತ್ತುವುದಿಲ್ಲ. ಗಿರೀಶ "ಅದಾದ ಮೇಲೆ" ಅನ್ನುತ್ತಾನೆ, ನಿಮ್ಮತ್ತೆ "ಆವಾಗ" ಅನ್ನುತ್ತಾರೆ, ನಾನು ಅಷ್ಟೂ ಅನ್ನುವುದಿಲ್ಲ. ಮಗುವಿಗೆ ನೋವಾಗುತ್ತದೆ ಎಂದು ನಮ್ಮ ಲೆಕ್ಕ. ಮಗುವೂ ಕೇಳುವುದಿಲ್ಲ. ಅವಳ ಲೆಕ್ಕ ಏನಿತ್ತೋ?

ಕೋಡುಬಳೆಯನ್ನು ನೀನು ಮುಂದಿನ ಹಲ್ಲಿನಿಂದ ಕಟಕ್ಕೆಂದು ಕಚ್ಚುತ್ತಿದ್ದದ್ದು, ಅಪ್ಪ ಅದಕ್ಕೆ ನಿನ್ನನ್ನು ಅಳಿಲು ಅಂತ ಕರೆಯುತ್ತಿದ್ದದ್ದು ಕಳೆದ ತಿಂಗಳು ನೆನಪಾಯಿತು. ಇಂಚರ ಕೋಡುಬಳೆಯನ್ನು ಕೈಯಲ್ಲೇ ಪುಡಿ ಮಾಡಿ, ಒಂದೊಂದೇ ಚೂರನ್ನು ದವಡೆಯ ಮೂಲೆಗೆ ಇಟ್ಟುಕೊಂಡು ತಿನ್ನುತ್ತಿದ್ದಳು. ಸೀಬೆಹಣ್ಣನ್ನೂ ತೆಳ್ಳಗೆ ಹೆಚ್ಚಿಸಿಕೊಂಡು ತಿನ್ನುತ್ತಾಳಂತೆ. ಮುಂದಿನ ಹಲ್ಲಿಗೆ ಬ್ರಷ್ ತಾಗಿಸುವುದಿಲ್ಲವಂತೆ. "ಎರಡು ಸಾಲು ಹಲ್ಲು ಬಂದೈತಪ್ಪ," ಎಂದರು ನಿಮ್ಮತ್ತೆ ನನ್ನನ್ನು ಪಕ್ಕಕ್ಕೆ ಕರೆದು. "ಹಳೇದು ಬಿದ್ದಿಲ್ಲ, ಹಿಂದೆ ಇನ್ನೊಂದು ಎದ್ದೈತೆ. ನಮ್ಮ ಮನೇಲಿ ಯಾರಿಗೂ ಹಿಂಗಾಗಿಲ್ಲ. ದಾರ ಕಟ್ಟಿ ಎಳೀತೀನಿ ಅಂದ್ರೆ ಬಾಯೇ ಬಿಡ್ತಿಲ್ಲ." ನಾನು ಟಾರ್ಚ್ ಹಿಡಿದು "ಆ ಮಾಡು" ಅಂದೆ. "ಮಾಡಲ್ಲ ಮಾಮ," ಎಂದಳು, ಹಲ್ಲು ಕಾಣಿಸದ ಹಾಗೆ. ಗಿರೀಶ ಊರಲ್ಲಿರಲಿಲ್ಲ. ಮಾರನೆಯ ಸಂಜೆ ನಾನೇ ಅವಳನ್ನು ಜೆ.ಪಿ. ನಗರದ ಹಲ್ಲಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ.

ಚಿಕ್ಕವಳಿದ್ದಾಗ ನೀನು ಹಲ್ಲಿನ ಡಾಕ್ಟರ ಕುರ್ಚಿಯಿಂದ ಇಳಿದು ಓಡಿದ್ದೆ, ಅಪ್ಪ ಚಪ್ಪಲಿ ಹಾಕಿಕೊಳ್ಳದೆ ಬೆನ್ನಟ್ಟಿದ್ದರು. ಇವಳು ಓಡಲಿಲ್ಲ. ಎಕ್ಸ್‌ರೇಗೆ ಕೂತಳು. ಪರದೆಯ ಮೇಲೆ ಅವಳ ದವಡೆ ಬಂತು. ಹೇಮಾ, ಅದನ್ನು ನೀನು ನೋಡಬೇಕಿತ್ತು. ಬಾಯಲ್ಲಿ ಕಾಣುವ ಹಲ್ಲುಗಳ ಬೇರಿನ ಬುಡದಲ್ಲಿ ಇನ್ನೊಂದು ಪೂರ್ತಿ ಸಾಲು. ಮೂಳೆಯೊಳಗೆ ಬೇರಿಲ್ಲದ ಹಲ್ಲುಗಳು, ಒಂದೊಂದು ಒಂದೊಂದು ದಿಕ್ಕಿಗೆ ವಾಲಿಕೊಂಡು, ಸರದಿ ಕಾಯುತ್ತ. ಏಳು ವರ್ಷದ ಮಗುವಿನ ಮುಖದಲ್ಲಿ ಇಷ್ಟು ಜನ ಬಚ್ಚಿಟ್ಟುಕೊಂಡಿರುತ್ತಾರೆ ಎಂದು ಯಾರಿಗೆ ಗೊತ್ತಿರುತ್ತದೆ?

ಡಾಕ್ಟರು ನಿನ್ನ ವಯಸ್ಸಿನವರು. ಅಂದರೆ, ನಿನಗೆ ಆಗಿದ್ದ ವಯಸ್ಸಿನವರು. "ಹಾಲುಹಲ್ಲು ಸುಮ್ಮನೆ ಬೀಳಲ್ಲ ಪುಟ್ಟಿ," ಎಂದು ಅವಳಿಗೇ ಹೇಳಿದರು. "ಕೆಳಗಿಂದ ಹೊಸಾದು ಬರ್ತಾ ಬರ್ತಾ ಹಳೇದರ ಬೇರು ಕರಗುತ್ತೆ. ಹಿಡ್ಕೊಳ್ಳೋಕೆ ಬೇರಿಲ್ದೆ ಬೀಳುತ್ತೆ. ನಿಂದು ಸ್ವಲ್ಪ ಹಿಂದಿನ ದಾರಿಯಿಂದ ಬಂದುಬಿಟ್ಟಿದೆ, ಅಷ್ಟೇ. ಎಷ್ಟೋ ಮಕ್ಕಳಿಗೆ ಆಗುತ್ತೆ." ನನ್ನ ಕಡೆ ತಿರುಗಿ, "ಸಾರ್, ಇದು ಇಷ್ಟೊತ್ತಿಗೆ ಬೀಳ್ಬೇಕಿತ್ತು. ಚೆನ್ನಾಗೇ ಅಲ್ಲಾಡ್ತಿದೆ. ಇವಳೇ ನಾಲಗೆಯಲ್ಲಿ ಒತ್ತಿ ಹಿಡ್ಕೊಂಡಿದ್ದಾಳೆ. ತೆಗೆದು ಜಾಗ ಮಾಡಿಕೊಟ್ರೆ ಅದೇ ನಾಲಗೆ ಹೊಸ ಹಲ್ಲನ್ನ ಮುಂದಕ್ಕೆ ತಳ್ಳುತ್ತೆ. ಬಿಟ್ರೆ ಅದು ಹಿಂದೇನೇ ನಿಂತುಬಿಡಬಹುದು." ಇಂಚರ ಬಾಯಿ ಮುಚ್ಚಿಕೊಂಡಳು. ಬಲವಂತ ಬೇಡ, ಇನ್ನೊಂದು ದಿನ ಬನ್ನಿ ಎಂದರು ಡಾಕ್ಟರು.

ಸಾರಕ್ಕಿ ಕೆರೆಯ ಏರಿಯ ಮೇಲೆ ನೀನು ಬಸುರಿಯಾಗಿದ್ದಾಗ ನಡೆಯುತ್ತಿದ್ದೆಯಲ್ಲ, ಒಂದು ಸುತ್ತಿಗೆ ಹತ್ತು ಸಲ ಕೂತು. ವಾಪಸು ಬರುವಾಗ ಅಲ್ಲಿಯ ಒಂದು ಬೆಂಚಿನ ಮೇಲೆ ಇಬ್ಬರೂ ಕೂತೆವು. ಎದುರಿಗೆ ವಾಕಿಂಗ್ ಬಂದವರು ಕೈ ಬೀಸುತ್ತ ಹೋಗುತ್ತಿದ್ದರು. ನನಗೆ ಕೇಳುವುದು ಮರೆತುಹೋಗಿದೆ. ಅವಳೇ ಹೇಳಿದಳು, ಕೆರೆ ನೋಡುತ್ತ.

"ಇವು ಅಮ್ಮ ಎಣಿಸಿರೋ ಹಲ್ಲು ಮಾಮ."

ಗಿರೀಶನ ಹಳೆಯ ಫೋನಿನಲ್ಲಿ ಒಂದು ವಿಡಿಯೋ ಇದೆಯಂತೆ. ನೀನು ಅವಳ ಬಾಯಿಗೆ ಬೆರಳಿಟ್ಟು ಎಣಿಸುತ್ತೀಯಂತೆ. ಒಂದು, ಎರಡು, ಮೂರು… "ಏಯ್, ಕಚ್ಬೇಡ್ವೇ!" ಅಲ್ಲಿಗೆ ಮುಗಿಯುತ್ತದೆ. ಇವಳು ಅದನ್ನು ದಿನಾ ನೋಡುತ್ತಾಳೆ. ನಮಗೆ ಯಾರಿಗೂ ಗೊತ್ತಿರಲಿಲ್ಲ.

"ಇವೆಲ್ಲ ಬಿದ್ದೋದ್ರೆ ಅಮ್ಮ ನೋಡಿರೋದು ಒಂದೂ ಇರಲ್ಲ. ಹೊಸಾದು ಅಮ್ಮಂಗೆ ಗೊತ್ತೇ ಇಲ್ಲ."

ನೀನಿದ್ದರೆ ಏನಾದರೂ ತಮಾಷೆ ಹುಡುಕುತ್ತಿದ್ದೆ. ನನಗೆ ಆ ಎಕ್ಸ್‌ರೇ ಕಣ್ಣ ಮುಂದೆ ಇತ್ತು. ಅಷ್ಟು ಹಲ್ಲು ಮೂಳೆಯೊಳಗೆ ನಿನ್ನೆ ಮೊನ್ನೆ ಬಂದು ಕೂತಿದ್ದಲ್ಲ ಅನ್ನಿಸಿತು. "ಹೊಸಾದು ಆಗ್ಲೇ ಒಳಗೆ ಇತ್ತೇನೋ ಇಂಚು," ಎಂದೆ. "ಸುಳ್ಳು," ಎಂದಳು. "ನಿಂಗೆ ಹೆಂಗೊತ್ತು?" "ಡಾಕ್ಟರನ್ನೇ ಕೇಳೋಣ್ವಾ?" ಎಂದೆ. ಎದ್ದು ಬಂದ ದಾರಿಯಲ್ಲೇ ವಾಪಸು ನಡೆದೆವು. ಸಾರಕ್ಕಿ ಸಿಗ್ನಲ್ ದಾಟುವಾಗ ಅವಳು ನನ್ನ ಬೆರಳನ್ನು ಎಷ್ಟು ಗಟ್ಟಿಯಾಗಿ ಹಿಡಿದಿದ್ದಳೆಂದರೆ, ರಸ್ತೆ ದಾಟಿದ ಮೇಲೂ ಅದು ನೋಯುತ್ತಿತ್ತು.

ಪ್ರಶ್ನೆ ಕೇಳಿದರೆ ಉತ್ತರ ಸಿಗುವ ತನಕ ಬಿಡದ ನಿನ್ನ ಹಟ ಇವಳಿಗೂ ಬಂದಿದೆ. ಡಾಕ್ಟರ ಮುಂದೆ ನಿಂತು ಬೆರಳು ತೋರಿಸಿ ಕೇಳಿದಳು, "ಈ ಹೊಸ ಹಲ್ಲು ಯಾವಾಗ ಶುರುವಾಯ್ತು?" ಡಾಕ್ಟರು ಎಕ್ಸ್‌ರೇ ಮತ್ತೆ ತೆರೆದರು. "ಇದಾ? ನೀನು ಮೂರು ನಾಲ್ಕು ತಿಂಗಳ ಪಾಪು ಇದ್ದಾಗ. ಮೊದಲು ಹಲ್ಲಿನ ಅಂಚು ಆಗುತ್ತೆ, ಆಮೇಲೆ ಕೆಳಗೆ ಕೆಳಗೆ ಬೆಳೀತಾ ಹೋಗುತ್ತೆ. ಬೇರು ಕೊನೇಗೆ. ನಿನ್ನ ಬೇರು ಇನ್ನೂ ಮುಗಿದಿಲ್ಲ ನೋಡು. ಈಗ ಹೊರಗೆ ಕಾಣ್ತಿರೋ ಅಂಚೇ ಎಲ್ಲಕ್ಕಿಂತ ಹಳೇದು."

"ಆಗ ಅಮ್ಮ ಇದ್ಲಾ?"

ಡಾಕ್ಟರು ನನ್ನನ್ನು ನೋಡಿದರು. ಅವರಿಗೆ ಏನೂ ಗೊತ್ತಿಲ್ಲ. ಹೇಳಬೇಕಾದವನು ನಾನೇ. ಇಷ್ಟು ಭಾನುವಾರಗಳಲ್ಲಿ ಹೇಳದ ಮಾತು ಅದು.

"ಇದ್ಲು," ಎಂದೆ. "ಹೇಮಾ ಇದ್ಲು. ನಿನ್ನನ್ನ ಮಡಿಲಲ್ಲಿ ಹಾಕ್ಕೊಂಡು ಹಾಲು ಕೊಡ್ತಿದ್ಲು. ಆ ಹಾಲಿಂದಾನೇ ಇದು ಆಗಿದ್ದು."

ನಿನ್ನ ಹೆಸರು ನನ್ನ ಬಾಯಿಂದ ಬಂದಾಗ ಏನಾದರೂ ಆಗುತ್ತದೆ ಎಂದು ನಾನು ಕಾದಿದ್ದೆ. ಏನೂ ಆಗಲಿಲ್ಲ. ಫ್ಯಾನ್ ತಿರುಗುತ್ತಿತ್ತು. ಇಂಚರ ಕುರ್ಚಿ ಹತ್ತಿ ಕೂತು ಬಾಯಿ ತೆರೆದಳು.

ವಸಡಿಗೆ ಎಂಥದೋ ಜೆಲ್ ಹಚ್ಚಿದರು. "ಮಾಮ, ನನ್ನ ತುಟಿ ಬೇರೆ ಯಾರದೋ ತರ ಇದೆ," ಎಂದು ತುಟಿಯನ್ನು ಹಿಂಡಿ ಹಿಂಡಿ ನೋಡಿಕೊಂಡಳು. "ಸರಿಹೋಗುತ್ತಾ?" "ಸ್ವಲ್ಪ ಹೊತ್ತಿಗೆ ಸರಿಹೋಗುತ್ತೆ," ಎಂದರು ಡಾಕ್ಟರು. ಹಲ್ಲು ಎಳೆಯುವಷ್ಟೂ ಇರಲಿಲ್ಲ. ಬೇರಿನ ಹಿಂಭಾಗ ಕರಗಿ, ಮುಂದೆ ಪೆನ್ನಿನ ನಿಬ್ಬಿನ ಹಾಗೆ ಚೂಪಾಗಿ ಒಂದಿಷ್ಟು ಉಳಿದಿತ್ತು. ಹತ್ತಿಯಲ್ಲಿ ಸುತ್ತಿ ಕೊಡುತ್ತ ಡಾಕ್ಟರು ನನಗೆ ಹೇಳಿದರು, "ಹಾಲುಹಲ್ಲು ತಾಯಿ ಹೊಟ್ಟೇಲೇ ಶುರುವಾಗುತ್ತೆ ಸಾರ್. ಹುಟ್ಟಿದಾಗಿನ ಒಂದು ಗೆರೆ ಇದರೊಳಗೆ ಉಳಿದಿರುತ್ತೆ. ಮೈಕ್ರೋಸ್ಕೋಪಲ್ಲಿ ಕಾಣುತ್ತೆ." ನಾನು ಹತ್ತಿಯನ್ನು ಜೇಬಿಗೆ ಹಾಕಿಕೊಂಡೆ. ಗೆರೆಯ ಈಚೆಗೆ ಇವಳು. ಆಚೆಗೆ ಆದದ್ದೆಲ್ಲ ನಿನ್ನೊಳಗೆ ಆದದ್ದು.

ನಮ್ಮಿಬ್ಬರ ಹಾಲುಹಲ್ಲುಗಳನ್ನು ಅಮ್ಮ ಸಗಣಿ ಉಂಡೆಯಲ್ಲಿಟ್ಟು, ಗರಿಕೆ ಸಿಕ್ಕಿಸಿ ಹಂಚಿನ ಮೇಲೆ ಎಸೆಯಿಸುತ್ತಿದ್ದಳು. ನಿನ್ನ ಉಂಡೆ ಯಾವಾಗಲೂ ಪಕ್ಕದ ಮನೆಯವರ ಹಂಚಿಗೆ ಬೀಳುತ್ತಿತ್ತು. ಸಾರಕ್ಕಿಯಲ್ಲಿ ಈಗ ಹಂಚಿಲ್ಲ, ಆದರೆ ನಿಮ್ಮ ಮನೆಯ ಹಿಂದಿನ ಓಣಿಯಲ್ಲಿ ಇನ್ನೂ ಒಂದು ಹಸು ಇದೆ. ನಿಮ್ಮತ್ತೆ ಮರುದಿನ ಬೆಳಿಗ್ಗೆ ಸಗಣಿ ತಂದು ಉಂಡೆ ಕಟ್ಟಿದರು. "ಸೋದರಮಾವನೇ ಎಸೀಲಿ," ಎಂದರು. ಟೆರೇಸಿನ ಮೇಲೆ ಮೆಟ್ಟಿಲ ಕೋಣೆ, ಅದರ ಮೇಲೆ ನೀರಿನ ಟ್ಯಾಂಕು. ಅದೇ ಎಲ್ಲಕ್ಕಿಂತ ಎತ್ತರ. ನಾನು ಎಸೆದೆ. ಉಂಡೆ ಸೋಲಾರ್ ಹೀಟರಿನ ಗಾಜಿಗೆ ಅಂಟಿಕೊಂಡಿತು. "ಅಯ್ಯೋ, ಬಿಸಿನೀರು ಹೋಯ್ತು!" ಎಂದು ಇಂಚರ ಕೂಗಿದಳು. ಬಾಯಿ ಪೂರ್ತಿ ತೆರೆದು ನಕ್ಕಳು. ನಿಮ್ಮತ್ತೆ ನಗು ತಡೆದುಕೊಂಡು, "ಥೇಟ್ ಅವಳಮ್ಮಂದೇ ನಗು," ಎಂದುಬಿಟ್ಟರು. ಹಾಗೆಂದು, ಹೇಳಬಾರದ್ದು ಹೇಳಿದವರ ಹಾಗೆ ನನ್ನನ್ನು ನೋಡಿದರು. "ಹೌದು. ಹೇಮಾ ನಗು," ಎಂದೆ ನಾನು. ಎರಡನೆಯ ಸಲ.

ಅಂದ ಹಾಗೆ, ಅವಳಿಗೆ ಕೊಟ್ಟ ಮಾತೊಂದಿದೆ. ಯಾವ ಹೊಸ ಹಲ್ಲು ಬಂದರೂ ಅದು ಶುರುವಾದ ಕಾಲದಲ್ಲಿ ನೀನು ಏನು ಮಾಡುತ್ತಿದ್ದೆ ಎಂದು ನಾನು ಹೇಳಬೇಕು. ಹಿಂದಿನ ದವಡೆಹಲ್ಲಿಗೆ ನಿನ್ನ ಬಾಣಂತನ ಹೇಳಿದ್ದಾಗಿದೆ. ಡಾಕ್ಟರ ಲೆಕ್ಕದಲ್ಲಿ ಹನ್ನೆರಡನೇ ವರ್ಷಕ್ಕೆ ಬರುವುದೂ ನಿನ್ನ ಕಾಲದ್ದೇ, ಕೊನೆಯ ತಿಂಗಳುಗಳದ್ದು. ಅದಕ್ಕೆ ಏನು ಹೇಳಲಿ ಎಂದು ಈಗಿನಿಂದಲೇ ನೆನಪು ಮಾಡಿಕೊಳ್ಳುತ್ತಿದ್ದೇನೆ. ಬುದ್ಧಿಹಲ್ಲು ಮಾತ್ರ ನೀನು ಹೋದ ಮೇಲಿನದು. ಅದು ಬರುವ ಹೊತ್ತಿಗೆ ಅವಳಿಗೇ ಎಲ್ಲ…

ಇನ್ನೊಂದು ಸುದ್ದಿ. ಹೊಸ ಹಲ್ಲಿನ ಅಂಚಿನಲ್ಲಿ ಮೂರು ಸಣ್ಣ ಉಬ್ಬುಗಳಿವೆ, ಗರಗಸದ ಹಾಗೆ. ಮೇಲಿನ ಹಲ್ಲು ಬಂದು ಎದುರು ಸಿಕ್ಕ ಮೇಲೆ ಸವೆದುಹೋಗುತ್ತವಂತೆ. ಮೇಲಿನದು ಇನ್ನೂ ಬಂದಿಲ್ಲ. ಈ ಸಲ ಕೆಳಗಿನದೇ ಮೊದಲು ಬಂದಿದೆ. ನಿಮ್ಮತ್ತೆ ಎರಡೆರಡು ಸಲ ಟಾರ್ಚ್ ಹಾಕಿ ನೋಡಿ ಸಮಾಧಾನವಾಗಿದ್ದಾರೆ. ನನಗಿನ್ನು ಏನೂ ಆಗುವುದಿಲ್ಲವಂತೆ, ಹೇಮಾ.

ನಿನ್ನ ಅಣ್ಣ